ಗುಂಗಾಡ ಎಂದವಳ ತೋಳು

ಎಪ್ಪತ್ನಾಲ್ಕರ ಶ್ರಾವಣದಲ್ಲಿ, ದೀಪ ಹಚ್ಚುವ ಹೊತ್ತಿಗೆ, ನಾನು ಕನ್ನೊಳ್ಳಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ನಿಂತಿದ್ದೆ. ವೈನಿ, ಎಂದರೆ ನಮ್ಮಣ್ಣನ ಹೆಂಡತಿ ಶಾಂತವ್ವ, ನನ್ನೆದುರಿಗೇ ಕೂತು ಬೇಳೆ ಆರಿಸುತ್ತಿದ್ದಳು. ಶಾಪ, ನಾಗದೋಷ ಎನ್ನುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಈಗಲೂ ಅವನ್ನು ನಂಬುವುದಿಲ್ಲ. ಆದರೆ ಕಂಡದ್ದನ್ನು ಕಂಡಿಲ್ಲ ಎನ್ನಲಾರೆ.

ವೈನಿಗೆ ರಕ್ತದ ರೋಗವಿತ್ತು. ಮೈಯಲ್ಲಿ ರೋಗ ತಡೆಯುವ ಶಕ್ತಿಯೇ ಉಳಿದಿಲ್ಲವೆಂದು ವಿಜಾಪುರದ ಡಾಕ್ಟರು ಹೇಳಿದ್ದರು. ಎಡಗೈ ಮೇಲೆ, ಮೊಣಕೈಗಿಂತ ಕೆಳಗೆ ಕೂತ ಸೊಳ್ಳೆಯನ್ನು, ನಮ್ಮ ಮಾತಿನ ಗುಂಗಾಡವನ್ನು, ಆಕೆ ಹೊಡೆದಳು. ಅದು ಅಂಗೈಗೆ ಮೆತ್ತಿದ್ದನ್ನು ನೋಡಿದೆ. ಅಡಿಗೆ ಮುಗಿಯುವಷ್ಟರಲ್ಲಿ ಅಲ್ಲಿ ನಿಂಬೆಹಣ್ಣಿನಷ್ಟು ಬೊಕ್ಕೆ ಎದ್ದು, ನೀರು ತುಂಬಿ, ಸುತ್ತಲೂ ಕಪ್ಪಾಗಿತ್ತು.

"ಹುಳ ಕಡದೈತಿ, ನೋಡ್ರಿಲ್ಲೆ," ಎಂದು ಕೂಗಿದಳು.

ಆ ಮಾತೇ ಕೆಡಿಸಿತು. ನಮ್ಮ ಕಡೆ ದೀಪ ಹಚ್ಚಿದ ಮೇಲೆ ಹಾವಿನ ಹೆಸರೆತ್ತುವುದಿಲ್ಲ, ಹುಳ ಎನ್ನುತ್ತೇವೆ. ಕಾಕಾ, ಎಂದರೆ ನಮ್ಮಪ್ಪನ ತಮ್ಮ, ದನದ ಹಗ್ಗ ತಂದು ಆಕೆಯ ರಟ್ಟೆಗೆ ಬಿಗಿದೇಬಿಟ್ಟ.

"ಗುಂಗಾಡ್ರೀ ಮಾವಾರ! ಹಾವಾಗಿದ್ರ ಹಾವು ಅಂತಿದ್ದೆ. ನನಗೇನ ಅಂಜಿಕಿ?"

"ಗುಂಗಾಡ ಕಡದ್ರ ಹಿಂಗ ಬಾವು ಬರ್ತೈತೇನ? ವಿಷ ತಲಿಗೇರೈತಿ. ಸುಮ್ಮ ಕೂಡ."

ಬೇವಿನೆಲೆ ಅಗಿಸಿದರು. ನಾಲಿಗೆಗೆ ಕಹಿ ಹತ್ತದಿದ್ದರೆ ಹಾವಿನ ವಿಷವೆಂದೇ ಲೆಕ್ಕ. ತಿಂಗಳುಗಟ್ಟಲೆ ಜ್ವರದಲ್ಲಿ ನಾಲಿಗೆ ಸತ್ತವಳಿಗೆ ಕಹಿ ಎಲ್ಲಿಂದ ಹತ್ತಬೇಕು? "ಏನೂ ಹತ್ತವಲ್ದು" ಎಂದು ಇದ್ದದ್ದನ್ನೇ ಹೇಳಿದಳು. ವಿಷ ಇಳಿಸುವವನು ಬರುವವರೆಗೆ ಹಗ್ಗ ಬಿಚ್ಚಕೂಡದೆಂದು ಕಾಕಾನ ಅಪ್ಪಣೆ. ಅಣ್ಣ ಊರಲ್ಲಿರಲಿಲ್ಲ. ಗುಂಗಾಡವನ್ನು ನಾನೇ ಕಂಡೆನೆಂದು ಹೇಳಿ ಬಿಚ್ಚಲು ಹೋದ ನನ್ನನ್ನು ಕೋಣೆಗೆ ತಳ್ಳಿ ಚಿಲಕ ಹಾಕಿದರು.

ಬೆಳಗಾದರೂ ವಿಷ ಇಳಿಸುವವನು ಬರಲಿಲ್ಲ. ನೆರೆಮನೆಯ ಹುಸೇನಬಿ ಕುಡುಗೋಲು ಹಿಡಿದು ಬಂದು, "ಸರೀರಿ ಅತ್ತಾಗ! ನೀವೇನ ಮಂದ್ಯೋ, ದನಗೋಳೋ?" ಎಂದು ಹಗ್ಗ ಕೊಯ್ದು, ನನ್ನ ಕೋಣೆಯ ಚಿಲಕ ತೆಗೆದಳು. ಕೈ ನೀಲಿಗಟ್ಟಿತ್ತು. ಆ ಬೆರಳುಗಳು ಮತ್ತೆ ಮಡಚಲೇ ಇಲ್ಲ.

ರಕ್ತ ಕೆಟ್ಟವರಿಗೆ ಸೊಳ್ಳೆ ಕಚ್ಚಿದರೂ ಇಂಥ ಬೊಕ್ಕೆ ಏಳಬಹುದೆಂದು, ಸಿಂದಗಿಯ ಆಸ್ಪತ್ರೆಗೆ ಒಯ್ದಾಗ ಅಲ್ಲಿಯ ಡಾಕ್ಟರು ಹೇಳಿದರು. ಅಷ್ಟಕ್ಕೆ ಮುಗಿದಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲ. ಮರುದಿನ ನಡುಹಗಲು, ಆಸ್ಪತ್ರೆಯಲ್ಲೇ ಸೊಳ್ಳೆಪರದೆಯೊಳಗೆ ಮಲಗಿದ್ದ ವೈನಿಯ ಬಲಗೈಯನ್ನು ಹುಸೇನಬಿ ಒರೆಸುತ್ತಿದ್ದಳು. ನಾನು ಪಕ್ಕದಲ್ಲಿದ್ದೆ. ಯಾವ ಕೀಟವೂ ಕೂರಲಿಲ್ಲ. ನೋಡನೋಡುತ್ತ ಚರ್ಮ ಕೆಂಪಾಗಿ, ಉಬ್ಬಿ, ನೀರು ತುಂಬಿತು. ಎಡಗೈಯಲ್ಲಿ ಎದ್ದಿದ್ದ ಜಾಗಕ್ಕೆ ಸರಿಯಾಗಿ. ಪರದೆಯ ಮೂಲೆಮೂಲೆ ಹುಡುಕಿದೆ. ಏನೂ ಇಲ್ಲ.

"ಕಚ್ಚಿರ್ತದ, ನೀವು ನೋಡಿಲ್ಲ," ಎಂದರು ಡಾಕ್ಟರು.

ಕಚ್ಚಿರಲಿಲ್ಲ.

ವೈನಿ ಆ ಚಳಿಗಾಲ ದಾಟಲಿಲ್ಲ. ಹಾವು ಕಡಿದು ಸತ್ತಳೆಂದು ಕಾಕಾ ಸಾಯುವವರೆಗೂ ಹೇಳಿದ. ನಮ್ಮವರು ಇಂದಿಗೂ ನಾಚಿಕೆಯಿಲ್ಲದೆ ಅದನ್ನೇ ಹೇಳುತ್ತಾರೆ. ಬಲಗೈಯ ಬೊಕ್ಕೆ ಹೇಗೆ ಎದ್ದಿತೋ ನನಗೆ ಗೊತ್ತಿಲ್ಲ. ಎಡಗೈಯನ್ನು ಕೊಂದವರು ಯಾರೆಂಬುದು ಗೊತ್ತು. ಎರಡನ್ನೂ ಕಂಡ ಹುಸೇನಬಿ ಮೋರಟಗಿಯಲ್ಲಿ ಮಗಳ ಮನೆಯಲ್ಲಿ ಇನ್ನೂ ಬದುಕಿದ್ದಾಳೆ.