ಒಂದೇ ಸಲ ನೋಡುವ ವಾಮನಣ್ಣ

ವಾಮನಣ್ಣನ ಬಲಗೈ ಹೆಬ್ಬೆರಳಿಗೆ ಅರ್ಧವೇ ಉಗುರು. ಉಳಿದರ್ಧವನ್ನು ಬಾಟಲಿಯ ಮುಚ್ಚಳಗಳು ತಿಂದಿದ್ದವು. ಅರಬ್ ನಾಡಿನ ಅಲ್ ಖರ್ಜಿನ ಹಾಲಿನ ಕಾರ್ಖಾನೆಯಲ್ಲಿ ನಾವಿಬ್ಬರೂ ಗುಣಮಟ್ಟ ಪರೀಕ್ಷಕರು. ಇಲ್ಲಿಯವರು ಲಬನ್ ಎನ್ನುವ ಮಜ್ಜಿಗೆಯ ಬಾಟಲಿಗಳಲ್ಲಿ ಕೆಲವನ್ನು ಸಾಲಿನಿಂದ ತೆಗೆದು, ಮುಚ್ಚಳ ಬಿಗಿಯಾಗಿದೆಯೇ ಎಂದು ನೋಡಿ ಸಹಿ ಹಾಕುವುದು ನಮ್ಮ ಕೆಲಸ. ನಾನು ಒಮ್ಮೆ ನೋಡುತ್ತಿದ್ದೆ. ಕಾರ್ಕಳದ ಈ ಮನುಷ್ಯ ಉಗುರಿನಿಂದ ಅಂಚು ಕೆದಕಿ, ತಿರುವಿ, ಸಹಿ ಹಾಕಿದ ಮೇಲೂ ಅದೇ ಬಾಟಲಿಯನ್ನು ಮತ್ತೆ ಎತ್ತಿಕೊಳ್ಳುತ್ತಿದ್ದರು.

ಮೊದಮೊದಲು ಎಲ್ಲರಿಗೂ ಅದು ತಮಾಷೆ. ಪಾಳಿ ಮುಗಿದು ಬಸ್ಸು ಹತ್ತಿದ ಮೇಲೂ ವಾಮನಣ್ಣ ಇಳಿದು, ನೋಡಿದ ಬಾಟಲಿಗಳನ್ನೇ ನೋಡಲು ಕೋಲ್ಡ್ ಸ್ಟೋರಿಗೆ ಓಡುತ್ತಿದ್ದರು. ಈಜಿಪ್ಟಿನ ಚಾಲಕ "ಯಲ್ಲಾ, ವಾಮನ್, ಯಲ್ಲಾ!" ಎಂದು ಅವಸರಪಡಿಸಿ ಕೂಗಿ ಸುಸ್ತಾಗಿ ಬಸ್ಸು ಬಿಡುತ್ತಿದ್ದ. ಕಂಪನಿ ಅವರ ಶ್ರದ್ಧೆ ಮೆಚ್ಚಿ ಪ್ರಶಸ್ತಿಪತ್ರ ಕೊಟ್ಟಿತು. ಬಡ್ತಿಗಾಗಿ ಈ ನಾಟಕ ಎಂದೇ ನನ್ನ ಅನುಮಾನ. ಹುಟ್ಟಾ ಅನುಮಾನದ ಪ್ರಾಣಿ ನಾನು.

ಒಂದು ಮಧ್ಯಾಹ್ನ ಅವರ ಹಿಂದೆಯೇ ಕೋಲ್ಡ್ ಸ್ಟೋರಿಗೆ ಹೋದೆ. ಕ್ರೇಟುಗಳ ನಡುವೆ ಕುಳಿತು ಅಳುತ್ತಿದ್ದರು. ಹೆಬ್ಬೆರಳಿನಿಂದ ರಕ್ತ ಬರುತ್ತಿತ್ತು.

"ಎಲ್ಲ ಸರಿ ಉಂಟು ಅಂತ ನಂಗೆ ಗೊತ್ತುಂಟು ಮಾರಾಯ. ಆದ್ರೆ ಯಾವ್ದಾದ್ರೂ ಮಗು ಕುಡ್ದು ಸತ್ರೆ? ಆ ಯೋಚನೆ ಬಂದ್ರೆ ಕೈ ನನ್ನ ಮಾತು ಕೇಳೂದಿಲ್ಲ."

ನನಗೆ ನಾಚಿಕೆಯಾಯಿತು. ಅದು ಗೀಳಿನ ಕಾಯಿಲೆಯೆಂದೂ, ವರ್ಷಗಟ್ಟಲೆ ನುಂಗಿದ ಮಾತ್ರೆಗಳು ನಾಟಿಲ್ಲವೆಂದೂ ಅಂದು ತಿಳಿಯಿತು.

ಕೊನೆಗೆ ದೀರ್ಘ ರಜೆ ಹಾಕಿ ಬೆಂಗಳೂರಿಗೆ ಹೋದರು. ಅಲ್ಲಿನ ವೈದ್ಯರು ಮಿದುಳಿನ ಆಳಕ್ಕೆ ಎರಡು ಸಪೂರ ತಂತಿ ಇಳಿಸಿ, ಎದೆಯ ಚರ್ಮದಡಿ ಬ್ಯಾಟರಿಯ ಪೆಟ್ಟಿಗೆ ಇಟ್ಟು, ಸಣ್ಣಗೆ ವಿದ್ಯುತ್ ಹರಿಸಿದರು. ಅದನ್ನು ಹದಕ್ಕೆ ತರಲು ತಿಂಗಳುಗಳೇ ಹಿಡಿದವಂತೆ. ಮರಳಿ ಬಂದಾಗ ಕಿವಿಯ ಹಿಂದೆ ತಂತಿಯ ಉಬ್ಬು ಕಾಣುತ್ತಿತ್ತು. ಎದೆಯ ಪೆಟ್ಟಿಗೆಗೆ ಆಗದೆಂದು ಗೇಟಿನ ಲೋಹಶೋಧಕದೊಳಗೆ ಹಾಯದೆ, ಕಾವಲುಗಾರನಿಗೆ ಆಸ್ಪತ್ರೆಯ ಕಾರ್ಡು ತೋರಿಸಿ ಬದಿಯಿಂದ ಒಳಬಂದರು. ಬಾಟಲಿ ಎತ್ತಿ ಮುಚ್ಚಳ ನೋಡಿದರು, ಸಹಿ ಹಾಕಿದರು, ಮುಂದಿನದಕ್ಕೆ ಕೈ ಹಾಕಿದರು.

ನನಗೆ ದಿಗಿಲಾಯಿತು. ಇಷ್ಟು ಬೇಗ ಹೇಗೆ ನೋಡಿಯಾಯಿತು? ಊಟದ ಹೊತ್ತಿಗೆ ಎಲ್ಲರ ಜೊತೆ ಜೋಕು ಹೇಳಿ ನಗುತ್ತಿದ್ದರು. ಆ ನಗು ಅವರದೋ, ಪೆಟ್ಟಿಗೆಯದೋ? ತಡೆಯದೆ ಕೇಳಿಯೇಬಿಟ್ಟೆ.

"ಕನ್ನಡಕ ಹಾಕಿ ಪೇಪರ್ ಓದ್ತಿಯಲ್ಲ, ಓದೂದು ನೀನಾ, ಕನ್ನಡಕವಾ?" ಎಂದರು. ಆಮೇಲೆ ದನಿ ತಗ್ಗಿಸಿ, "ಪೂರ್ತಿ ಹೋಗ್ಲಿಲ್ಲ. ಯೋಚನೆ ಈಗ್ಲೂ ಬರ್ತದೆ. ಮೊದ್ಲು ಒಳಗೆ ಬಂದು ಕೂತ್ಕೊಳ್ತಿತ್ತು, ಈಗ ಬಾಗ್ಲಲ್ಲೇ ನಿಂತು ಹೋಗ್ತದೆ."

ಮೂರು ತಿಂಗಳು ಅವರ ಮೇಲೆ ಕಣ್ಣಿಟ್ಟು, ಒಬ್ಬರೇ ಸಹಿ ಹಾಕಲು ಯೋಗ್ಯರೇ ಎಂದು ಬರೆದುಕೊಡುವಂತೆ ಮೇಲಧಿಕಾರಿ ನನಗೆ ಹೇಳಿದ್ದರು. ಇದು ವಾಮನಣ್ಣನಿಗೂ ಗೊತ್ತಿತ್ತು. "ಬೇರೆ ಎಲ್ಲಿ ಗುಣ ಆದ್ರೂ ನಂಗೆ ನಂಬಿಕೆ ಬರೂದಿಲ್ಲ. ಇದೇ ಟೇಬಲ್ಲಲ್ಲಿ ಒಮ್ಮೆ ನೋಡಿ ಎದ್ದು ಹೋಗ್ಬೇಕು. ಅಷ್ಟೇ ಆಸೆ," ಎಂದಿದ್ದರು.

ಅವರು ಚಹಾಕ್ಕೆ ಎದ್ದು ಹೋದಾಗಲೆಲ್ಲ ನಾನು ಅವರ ಬಾಟಲಿಗಳನ್ನು ಮತ್ತೆ ನೋಡುತ್ತಿದ್ದೆ. ಎಲ್ಲ ಬಿಗಿಯಾಗಿಯೇ ಇರುತ್ತಿದ್ದವು. ಇವತ್ತು ಸರಿಯಿದೆ, ನಾಳೆ ಬ್ಯಾಟರಿ ಕೈಕೊಟ್ಟರೆ ಎಂದುಕೊಳ್ಳುತ್ತಿದ್ದೆ. ಮೂರು ತಿಂಗಳು ಹೀಗೇ ಕಳೆಯಿತು. ವರದಿಯಲ್ಲಿ "ಇನ್ನೂ ನಿಗಾ ಅಗತ್ಯ" ಎಂದು ಬರೆದೆ. ಕಂಪನಿಗೆ ಅಷ್ಟೇ ಸಾಕಾಯಿತು. ಸಹಿಯ ಗೊಡವೆಯೇ ಇಲ್ಲದ ಕೆಲಸ ಕೊಟ್ಟು ಅವರನ್ನು ದೂರದ ಜಿಜಾನಿನ ಗೋದಾಮಿಗೆ ಹಾಕಿತು.

ಹೊರಡುವ ಬೆಳಿಗ್ಗೆ ಗೇಟಿನ ಬಳಿ ಸೂಟ್‌ಕೇಸು ಹಿಡಿದು ನಿಂತಿದ್ದರು. ತಪ್ಪಿಸಿಕೊಂಡು ಹೋಗೋಣವೆಂದರೆ ಅವರೇ ಕರೆದರು.

"ನಾನು ಚಾಯಕ್ಕೆ ಹೋದಾಗ ನೀನು ಪುನಃ ನೋಡ್ತಿದ್ದಿ, ಅಲ್ವಾ? ಬಾಟ್ಲಿ ಇಟ್ಟ ಜಾಗ ಬದ್ಲಾಗ್ತಿತ್ತು."

ನಾನು ತಲೆ ತಗ್ಗಿಸಿದೆ.

"ಎಂತಾದ್ರೂ ಸಿಕ್ತಾ?"

"ಇಲ್ಲ."

"ಒಂದೂ?"

"ಒಂದೂ ಇಲ್ಲ, ವಾಮನಣ್ಣ."

ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ಎಷ್ಟೋ ಒಳ್ಳೆಯದಿತ್ತು. ಅವರು ನನ್ನ ಬಲಗೈ ಹಿಡಿದು ಹೆಬ್ಬೆರಳನ್ನು ಹೊರಳಿಸಿ ನೋಡಿದರು.

"ನಂಗೂ ಹೀಗೇ ಶುರುವಾದದ್ದು ಮಾರಾಯ," ಎಂದರು.