ಕುಳಗಿ ರಸ್ತೆಯ ಕಲ್ಲು

ಕರೆಂಟ್ ಮೀಟರ್ ಓದಲು ಕುಳಗಿ ಕಡೆ ಹೊರಟಿದ್ದವನು ರಸ್ತೆ ಬದಿಯ ಕಲ್ಲೊಂದರ ಮುಂದೆ ಬೈಕ್ ನಿಲ್ಲಿಸಿದೆ. ಹಿಂದೊಮ್ಮೆ ಅಲ್ಲಿ ಕಾಡುಕೋಣದ ತಿವಿತಕ್ಕೆ ಸತ್ತ ಒಬ್ಬರ ನೆನಪಿಗೆ ಊರವರು ನೆಟ್ಟ ಕಲ್ಲು ಅದು. ಮಾಸಿದ ಅಕ್ಷರ ಓದಲು ಬಗ್ಗಿದೆ.

“ತಮ್ಮಾ, ಅಳ್ಳಾಡಬ್ಯಾಡ!”

ಕಟ್ಟಿಗೆ ಹೊರೆ ಹೊತ್ತ ಅಜ್ಜಿಯೊಬ್ಬಳು ರಸ್ತೆಯಾಚೆ ನಿಂತಿದ್ದಳು. ತಲೆ ಎತ್ತಿದರೆ, ಹತ್ತೇ ಹೆಜ್ಜೆ ದೂರದ ಬಿದಿರುಮೆಳೆಯ ಪಕ್ಕ ಕಾಡುಕೋಣ! ಬುಸ್ ಎಂದು ಉಸಿರುಬಿಟ್ಟು ಗೊರಸಿನಿಂದ ಮಣ್ಣು ಕೆದರಿತು.

“ಓಡಬ್ಯಾಡ. ಹಂಗ ನಿಂದ್ರು,” ಎಂದಳು ಮೆಲ್ಲಗೆ.

ಎಷ್ಟೋ ಹೊತ್ತಿನ ಮೇಲೆ ಅದು ತಿರುಗಿ ಕಾಡಿಗಿಳಿಯಿತು.

“ಈ ಕಲ್ಲು ನಮ್ಮ ಮಾವಾರದು. ಅವರು ಓಡಿದ್ರು, ಅದಕ್ಕ ಜೀವ ಹೋತು. ನಿನಗ ಧೈರ್ಯ ಭಾಳ ಐತಿ ಬಿಡು,” ಎಂದಳು ಅಜ್ಜಿ.

ನಾನು ತಲೆಯಾಡಿಸಿದೆ. ಓಡಬೇಕೆಂದರೂ ಕಾಲು ಏಳಲಿಲ್ಲ ಎಂಬುದನ್ನು ಆಕೆಗೆ ಹೇಳಲಿಲ್ಲ.