ಹನ್ನೆರಡು ಜೋಡಿ ಚಿತ್ರಗಳ ಪೆಟ್ಟಿಗೆ

ಸ್ಟುಡಿಯೋ ಮಾಮನ ಬಲಗೈಯ ಮೂರು ಉಗುರುಗಳು ಚಹಾದ ಕಲೆ ಹಿಡಿದ ಪಿಂಗಾಣಿಯ ಹಾಗೆ ಕಂದಾಗಿದ್ದವು. ಫೋಟೋ ತೊಳೆಯುವ ಮದ್ದಿನಲ್ಲಿ ಮೂವತ್ತು ವರ್ಷ ಅದ್ದಿದ ಬೆರಳುಗಳು. ಮೂಡಬಿದಿರೆಯಲ್ಲಿ ಅವರ ಸ್ಟುಡಿಯೋದ ಮಹಡಿಯಲ್ಲಿ ನಾನೂ ನನ್ನ ಸಣ್ಣ ಮಗಳೂ ಬಾಡಿಗೆಗಿದ್ದೆವು. ನನ್ನ ಗಂಡ, ಇವರು, ಸೌದಿಯಲ್ಲಿ. ಮಾಮ ಜೈನರು, ಸೂರ್ಯ ಮುಳುಗುವ ಮೊದಲೇ ಊಟ ಮುಗಿಸುವವರು. ರಂಜಾನಿನಲ್ಲಿ ನಾನು ಮಸೀದಿಯ ಬಾಂಗಿಗೆ ಕಿವಿಗೊಟ್ಟು ಕೂತಿದ್ದರೆ ಕೆಳಗಿನಿಂದ ಕೂಗುತ್ತಿದ್ದರು: “ನನ್ನದು ಕೈ ತೊಳೆದಾಯ್ತು ಮಗಾ, ಇನ್ನು ನೀನು ಶುರು ಮಾಡು!”

ತೊಂಬತ್ತರ ದಶಕದ ಕೊನೆ. ಇವರು ರಜೆಗೆ ಬಂದಾಗ ಮಗಳಿಗೆ ಕಣ್ಣಿಗೆ ಹಿಡಿದು ನೋಡುವ ಚಿತ್ರಪೆಟ್ಟಿಗೆಯೊಂದನ್ನು ತಂದಿದ್ದರು. ನೋಡಿದರೆ ಆನೆ ಮುಂದೆ, ಮರ ಹಿಂದೆ, ನಡುವೆ ಗಾಳಿ. ನಾವೇ ಕಾಡಿನೊಳಗೆ ನಿಂತಂತೆ. ಅದರ ಗುಂಡಿ ಸಿಕ್ಕಿಕೊಂಡಾಗ ಮಾಮನ ಕೈಗೆ ಕೊಟ್ಟೆ. ವಾರವಾದರೂ ಹಿಂದಿರುಗಿಸಲಿಲ್ಲ.

“ಎರಡು ಕಣ್ಣಿಗೆ ಎರಡು ಫೋಟೋ, ಅಷ್ಟೇ ಮಾರಾಯ್ತಿ! ಕ್ಯಾಮೆರಾ ಎರಡೂವರೆ ಇಂಚು ಸರಿಸಿ ಇನ್ನೊಂದು ಹೊಡೆದ್ರೆ ಆಯ್ತು.”

ಬಡಗಿಯಿಂದ ದೊಡ್ಡ ಮರದ ಪೆಟ್ಟಿಗೆ ಮಾಡಿಸಿದರು. ಮುಂದೆ ಎರಡು ಮಸೂರ, ಬದಿಗೆ ಹಿಡಿಕೆ. ತಿರುಗಿಸಿದರೆ ಜೋಡಿ ಚಿತ್ರ ಅಂಟಿಸಿದ ರಟ್ಟುಗಳು ಒಂದೊಂದಾಗಿ ಎದುರು ಬರುತ್ತಿದ್ದವು, ಕೊನೆಯದರ ಬೆನ್ನಿಗೆ ಮತ್ತೆ ಮೊದಲನೆಯದು. ರಟ್ಟು ಹನ್ನೆರಡು. ಯಾಕೆ ಹನ್ನೆರಡೆಂದು ಕೇಳಿದೆ.

“ಕಾನ್ವೆಂಟಿನಲ್ಲಿ ಸಿಸ್ಟರುಗಳು ನಿನಗೆ ಕಾಲವನ್ನು ಗೆರೆ ಎಳೆದು ಕಲಿಸಿರಬೇಕು. ನಮಗೆ ಬಸದಿಯಲ್ಲಿ ಚಕ್ರ ಬರೆದು ಕಲಿಸಿದ್ದು. ಆರು ಭಾಗ ಇಳಿಯುವುದು, ಆರು ಭಾಗ ಏರುವುದು.”

“ಪರೀಕ್ಷೆಗೆ ಗೆರೆಯೇ ಸುಲಭ, ಮಾಮ.”

“ಪರೀಕ್ಷೆಗೆ ಹೌದು” ಎಂದು ನಕ್ಕರು.

ಮೊದಲ ಚಿತ್ರಕ್ಕೆ ಸಿಕ್ಕಿದವರು ಮಾಮಿ. ಬಾವಿಕಟ್ಟೆಯ ಮುಂದೆ ಕೊಡ ಹಿಡಿದು ಗೊಣಗಿದರು: “ಒಂದು ಸಲ ಹೊಡೆದ್ರೆ ಸಾಲದಾ? ಎರಡೂವರೆ ಇಂಚಿನಲ್ಲಿ ನಾನೇನು ಚಂದ ಆಗ್ತೇನಾ?” ಮರು ತಿಂಗಳೇ ಅವರಿಗೆ ಕಾಯಿಲೆ ಹಿಡಿಯಿತು. ಮಾಮ ಕ್ಯಾಮೆರಾ ಕೆಳಗಿಡಲಿಲ್ಲ. ಬಟ್ಟೆ ಒಣಗಿಸುವ ಮಾಮಿ, ಮೆಟ್ಟಿಲಲ್ಲಿ ಸುಧಾರಿಸಿಕೊಳ್ಳುವ ಮಾಮಿ, ಚಾವಡಿಯ ಕುರ್ಚಿಯಲ್ಲಿ, ಹಾಸಿಗೆಯಲ್ಲಿ ದಿಂಬಿಗೊರಗಿ, ಕೊನೆಗೆ ಮಲಗಿ ಗೋಡೆಯ ಕಡೆ ಮುಖ. ಆರು ಆಯಿತು. ಮಾಮಿ ಹೋದರು.

ಉಳಿದ ಆರು ರಟ್ಟುಗಳಿಗೆ ಮಾಮ ಅವೇ ಚಿತ್ರಗಳ ಇನ್ನೊಂದು ಪ್ರತಿ ತೆಗೆದು ಕೊನೆಯಿಂದ ಮೊದಲಿಗೆ ಅಂಟಿಸತೊಡಗಿದರು, ಮಲಗಿದಲ್ಲಿಂದ ಬಾವಿಕಟ್ಟೆಯವರೆಗೆ. ತಿಂಗಳುಗಟ್ಟಲೆ ಹಿಡಿಯಿತು. ಮುಗಿದ ದಿನ ನನ್ನನ್ನೇ ಮೊದಲು ಕರೆದರು. ಬೆಳ್ತಂಗಡಿಯ ಮಗನ ಮನೆಯಿಂದ ಪುಟ್ಟ ಮೊಮ್ಮಗಳು ಭಾನುವಾರ ಬರುವವಳಿದ್ದಳು. ಅವಳಿಗೆ ಅಜ್ಜಿಯ ಮುಖ ನೆನಪಿರಲಿಲ್ಲ.

ಮೊದಲ ಆರರಲ್ಲಿ ಮಾಮಿಯ ಸೆರಗನ್ನು ಮುಟ್ಟಬಹುದಿತ್ತು. ಏಳನೆಯದರಿಂದ ಏನೋ ಕೆಟ್ಟಿತು. ಗೋಡೆ ಮುಂದೆ ಬಂತು, ಮಾಮಿ ಅದರೊಳಗೆ ಕೊರೆದ ಗುಂಡಿಯ ಹಾಗೆ ಹಿಂದೆ ಸರಿದರು. ಬಾವಿಕಟ್ಟೆಗೆ ಮರಳಿ ಬರುವಷ್ಟರಲ್ಲಿ ಕಲ್ಲೆಲ್ಲ ಎದುರಿಗೆ, ಅವರು ಕಲ್ಲಿನಾಚೆ. ಎಡಗಣ್ಣಿನ ಚಿತ್ರ ಬಲಕ್ಕೆ, ಬಲದ್ದು ಎಡಕ್ಕೆ ಅಂಟಿಕೊಂಡಿತ್ತು, ಆರಕ್ಕಾರೂ.

ಈ ಕೆಲಸದಲ್ಲಿ ಮಾಮ ತಪ್ಪುವವರಲ್ಲ. ಎರಡು ಕಣ್ಣಿದ್ದವರಿಗೆ ಅದು ಕಾಣದೆ ಇರುವುದಿಲ್ಲ. ಕೆಲವು ತಿಂಗಳಿಂದ ಅವರು ಚಹಾ ಬಗ್ಗಿಸಿದರೆ ಲೋಟದ ಹೊರಗೆ ಬೀಳುತ್ತಿದ್ದುದು ಯಾಕೆಂದು ಆಗ ಅರ್ಥವಾಯಿತು.

“ಹೇಗುಂಟು?”

“ಚಂದ ಉಂಟು, ಮಾಮ.”

ಫೋನಿನಲ್ಲಿ ಇವರಿಗೂ ವಾರವಾರ, ಇಲ್ಲಿ ಎಲ್ಲ ಚಂದ ಉಂಟು ಎಂದೇ ಹೇಳುತ್ತಿದ್ದವಳು ನಾನು. ಅಲ್ಲಿಂದ ಮೂರು ದಿನ ಒಂದು ಕಡೆ ಕೂತುಕೊಳ್ಳಲಾಗಲಿಲ್ಲ. ಒಗೆದದ್ದನ್ನೇ ಒಗೆದೆ. ಅರ್ಧ ಮೆಟ್ಟಿಲು ಇಳಿದು ಹಾಲು ಉಕ್ಕೀತೆಂದು ಹತ್ತಿದೆ. ಒಲೆಯ ಮೇಲೆ ಹಾಲೇ ಇರಲಿಲ್ಲ. ಹೇಳಿದರೆ ಅವರ ಕಣ್ಣು ಹೋದದ್ದನ್ನು ನಾನೇ ಹೇಳಿದಂತೆ. ಹೇಳದಿದ್ದರೆ ಆ ಮಗು ಅಜ್ಜಿಯನ್ನು ಗೋಡೆಯಾಚೆ ನೋಡುತ್ತದೆ.

ಶನಿವಾರ ಬೆಳಿಗ್ಗೆ ಇಳಿದು, ಬಾಗಿಲಲ್ಲೇ ನಿಂತು ಹೇಳಿಬಿಟ್ಟೆ: “ಮಾಮ, ಏಳನೆಯದರಿಂದ ಮಾಮಿ ಹಿಂದೆ ಹೋಗಿದ್ದಾರೆ.”

ಅವರು ಕನ್ನಡಕ ತೆಗೆದು ಒರೆಸಿದರು.

“ಬಲಗಣ್ಣು. ಸಕ್ಕರೆ ಕಾಯಿಲೆ ತಿಂದುಹಾಕಿತು. ಮಗನಿಗೂ ಹೇಳ್ಲಿಲ್ಲ. ಮೊನ್ನೆ ಯಾಕೆ ಚಂದ ಉಂಟು ಅಂದದ್ದು ನೀನು?”

“ತಪ್ಪಾಯ್ತು.”

“ಬ್ಲೇಡು ಆ ಡಬ್ಬಿಯಲ್ಲುಂಟು. ಕೂತುಕೋ.”

ಅವರು ಹೇಳಿಕೊಟ್ಟ ಹಾಗೆ ಆರು ರಟ್ಟುಗಳನ್ನೂ ನಡುವೆ ಕೊಯ್ದೆ, ಎಡಬಲ ಬದಲಿಸಿದೆ, ಹಿಂದಿನಿಂದ ಪಟ್ಟಿ ಅಂಟಿಸಿದೆ. ನಾನು ಬ್ಲೇಡು ಎತ್ತಿದಾಗಲೆಲ್ಲ “ಅವಸರ ಇಲ್ಲ” ಎನ್ನುತ್ತಿದ್ದರು. ತಾವು ಮಾತ್ರ ಎದ್ದು, ಕೂತು, ಮತ್ತೆ ಏಳುತ್ತಿದ್ದರು. ಭಾನುವಾರ ಮೊಮ್ಮಗಳು ಮಸೂರಕ್ಕೆ ಕಣ್ಣಿಟ್ಟವಳೇ ಕೈ ಮುಂದೆ ಚಾಚಿದಳು. ಮಾಮ ಹೊರಗೆ ಹೋಗಿ ನಿಂತರು.

ಆಮೇಲೆ ಅವರು ಪೆಟ್ಟಿಗೆಗೆ ಕಣ್ಣಿಡಲೇ ಇಲ್ಲ. ಹಿಡಿಕೆ ಅವರು ತಿರುಗಿಸುವುದು, ನೋಡಿ ಹೇಳುವುದು ನಾನು. ಕಂಡದ್ದನ್ನು ಕಂಡ ಹಾಗೆ ಹೇಳಲು ನಾನು ಕಲಿತದ್ದು ಆ ಪೆಟ್ಟಿಗೆಯ ಮುಂದಿನ ಸ್ಟೂಲಿನ ಮೇಲೆ. ಮುಂದಿನ ಫೋನಿನಲ್ಲಿ ಇವರಿಗೂ ಹೇಳಿದೆ, ನನಗೆ ಇಲ್ಲಿ ಒಬ್ಬಳಿಗೆ ಆಗುವುದಿಲ್ಲ ಎಂದು.

ಮಾಮ ತೀರಿಕೊಳ್ಳುವ ವಾರ ಹಾಸಿಗೆಯ ಪಕ್ಕಕ್ಕೇ ಪೆಟ್ಟಿಗೆ ತರಿಸಿದರು. ಇನ್ನೊಂದು ಕಣ್ಣೂ ಆಗ ಮಂಜು. ಬಾವಿಕಟ್ಟೆ ಹೇಳಿದೆ, ಬಟ್ಟೆ, ಮೆಟ್ಟಿಲು, ಕುರ್ಚಿ, ದಿಂಬು ಹೇಳಿದೆ. ಮಾಮಿ ಮಲಗಿದ್ದು ಬಂದಾಗ ಮಸೂರದಿಂದ ಕಣ್ಣು ತೆಗೆದೆ.

“ನಿಲ್ಲಿಸ್ಬೇಡ ಮಗಾ, ಹೇಳು.”

ಹಿಡಿಕೆ ತಿರುಗಿತು. ಮತ್ತೆ ಮಲಗಿದ್ದೇ. ಇನ್ನೊಮ್ಮೆ ತಿರುಗಿತು.

“ಎದ್ದು ಕೂತರು, ಮಾಮ.”